ಬೀದಿಗೆ ಬಿದ್ದ ಮಾನಸಿಕ ರೋಗಿಯ ಹಕ್ಕುಗಳು: ಸೆಕ್ಷನ್ 100, 101 ಮತ್ತು 19

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ 126 ಸೆಕ್ಷನ್‌ಗಳಿವೆ. ಮನೆಯವರು ಕೈಬಿಟ್ಟವರ ಬದುಕಿಗೆ ನೇರವಾಗಿ ಬೇಕಾಗುವವು ಕೆಲವೇ. ಪರೀಕ್ಷೆಗೆ ಓದುವವರಿಗೂ, ಕಾನೂನು ನೆರವಿನ ಸ್ವಯಂಸೇವಕರಾಗಿ ಹೊರಟವರಿಗೂ ಅವು ಬಾಯಿಪಾಠ ಆಗಿರಬೇಕು. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಮೊದಲಿದ್ದದ್ದು 1987ರ ಕಾಯ್ದೆ.

ಆಸ್ಪತ್ರೆಗೋ, ಮ್ಯಾಜಿಸ್ಟ್ರೇಟ್ ಹತ್ತಿರವೋ?

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ. ನಿಧಾನವಾಗಿ ನೋಡೋಣ.

ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಾರೆ ಅಂದುಕೊಳ್ಳಿ. ಕೂದಲು ಗಂಟುಗಟ್ಟಿದೆ. ಕಾಲಿನ ಹುಣ್ಣಿಗೆ ನೊಣ ಮುತ್ತಿವೆ. ಹೆಸರು ಕೇಳಿದರೆ ಉತ್ತರವಿಲ್ಲ, ತಮ್ಮಷ್ಟಕ್ಕೆ ಏನೋ ಮಾತಾಡಿಕೊಳ್ಳುತ್ತಾರೆ. ಸೆಕ್ಷನ್ 100ರ ಪ್ರಕಾರ ಇವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಇದು ಬಂಧನ ಅಲ್ಲ. ಯಾಕೆ ಕರೆದೊಯ್ಯುತ್ತಿದ್ದೇವೆ ಎಂದು ಅವರಿಗೇ ಹೇಳಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಜೈಲಂತೂ ಇಲ್ಲವೇ ಇಲ್ಲ, ಯಾವ ಸಂದರ್ಭದಲ್ಲೂ.

ಈ 24 ಗಂಟೆಯೇ ದಾರಿ ತಪ್ಪಿಸುವುದು. ಸಂವಿಧಾನದ 22ನೇ ವಿಧಿಯಲ್ಲೂ 24 ಗಂಟೆ ಇದೆ, ಆದರೆ ಅಲ್ಲಿ ಬಂಧಿತರನ್ನು ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. 1987ರ ಕಾಯ್ದೆಯಲ್ಲೂ ಅಲೆಯುತ್ತಿದ್ದ ರೋಗಿಯನ್ನು ಅಷ್ಟೇ ಹೊತ್ತಿನೊಳಗೆ ಮ್ಯಾಜಿಸ್ಟ್ರೇಟ್ ಬಳಿಗೇ ಒಯ್ಯಬೇಕಿತ್ತು. ಗಡುವು ಹಾಗೇ ಉಳಿದಿದೆ, ಹೋಗಬೇಕಾದ ಜಾಗ ಮಾತ್ರ ಬದಲಾಗಿದೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯ ತಿರುಳು ಈ ಬದಲಾವಣೆಯಲ್ಲೇ ಇದೆ. ಕಾಯಿಲೆಯವರು ಮೊದಲು ಕಾಣಬೇಕಾದದ್ದು ವೈದ್ಯರನ್ನು, ಅಲ್ವಾ?

ಹಾಗಾದರೆ ಮ್ಯಾಜಿಸ್ಟ್ರೇಟ್ ಎಲ್ಲಿ ಬರುತ್ತಾರೆ? ಸೆಕ್ಷನ್ 101ರಲ್ಲಿ. ಅದೇ ಹೆಣ್ಣುಮಗಳು ಬೀದಿಯಲ್ಲಿಲ್ಲ, ಸ್ವಂತ ಮನೆಯ ಹಿತ್ತಲ ಕೋಣೆಯಲ್ಲಿದ್ದಾರೆ. ಹೊತ್ತಿಗೆ ಊಟ ಇಲ್ಲ, ಕಾಲಿಗೆ ಸರಪಳಿ. ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಠಾಣಾಧಿಕಾರಿ ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಬೇಕು. ಮ್ಯಾಜಿಸ್ಟ್ರೇಟ್ ಸೆಕ್ಷನ್ 102ರಡಿ ತಪಾಸಣೆಗಾಗಿ ಆಸ್ಪತ್ರೆಗೆ ಸೇರಿಸಲು ಆದೇಶ ಕೊಡಬಹುದು, 10 ದಿನ ಮೀರದಂತೆ.

ಹಾಗಾಗಿ ಪ್ರಶ್ನೆ ಬಂದಾಗ ಕಾಯಿಲೆ ಎಷ್ಟು ಜೋರಾಗಿದೆ ಎಂದು ನೋಡಬೇಡಿ, ವ್ಯಕ್ತಿ ಎಲ್ಲಿದ್ದಾರೆ ನೋಡಿ. ಹೊರಗೆ ಅಲೆಯುತ್ತಿದ್ದರೆ 100, ಆಸ್ಪತ್ರೆ. ಮನೆಯೊಳಗೆ ಹಿಂಸೆ ಅಥವಾ ನಿರ್ಲಕ್ಷ್ಯ ಇದ್ದರೆ 101, ಮ್ಯಾಜಿಸ್ಟ್ರೇಟ್.

ಸರಪಳಿ ಹಾಕುವುದನ್ನು ಸೆಕ್ಷನ್ 95 ಪೂರ್ತಿ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ಜನ ಓಡಲಾಗದೆ ಸುಟ್ಟುಹೋದರು. ಆ ಸೆಕ್ಷನ್ ಓದುವಾಗ ಇದು ನೆನಪಿರಲಿ.

ಸಿಕ್ಕವರಿಗೂ ‘ಕಾಣೆಯಾದವರ’ ಎಫ್‌ಐಆರ್

ಸೆಕ್ಷನ್ 100ರ ಕೊನೆಯ ಭಾಗ ಓದುವಾಗ ವಿಚಿತ್ರ ಅನ್ನಿಸುತ್ತದೆ. ವ್ಯಕ್ತಿ ಕಣ್ಣೆದುರಿಗೇ ಇದ್ದಾರೆ, ಆದರೂ ಕಾಣೆಯಾದವರ ಎಫ್‌ಐಆರ್ ದಾಖಲಿಸಬೇಕು. ಯಾಕೆಂದರೆ ಇನ್ನೆಲ್ಲೋ ಒಂದು ಮನೆಯಲ್ಲಿ ಇವರನ್ನು ಹುಡುಕುತ್ತಿರಬಹುದು. ಮನೆಯವರನ್ನು ಪತ್ತೆ ಹಚ್ಚಿ ತಿಳಿಸುವ ಹೊಣೆ ಠಾಣಾಧಿಕಾರಿಯದ್ದು. ದಾಖಲೆಯೇ ಇಲ್ಲದಿದ್ದರೆ ಆ ಹೊಣೆ ಏನಾಯಿತು ಎಂದು ಯಾರೂ ಕೇಳಲಾಗದು.

ಚಿಕಿತ್ಸೆ ಉಚಿತ. ನಿರ್ಗತಿಕರು, ಮನೆಯಿಲ್ಲದವರು ಬಿಪಿಎಲ್ ಕಾರ್ಡ್ ತೋರಿಸಬೇಕಿಲ್ಲ, ಸೆಕ್ಷನ್ 18 ನೋಡಿ.

ಬುದ್ಧಿಮಾಂದ್ಯತೆ ಈ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಂಥವರಿಗೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಇದೆ. ಎರಡನ್ನೂ ಕಲಸಬೇಡಿ.

ಗುಣವಾದ ಮೇಲೆ ಎಲ್ಲಿಗೆ?

ಸೆಕ್ಷನ್ 19 ಖಡಾಖಂಡಿತ. ಮನೆಯವರಿಲ್ಲ, ಇದ್ದರೂ ಒಪ್ಪುತ್ತಿಲ್ಲ, ಇರಲು ಸೂರಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಹೀಗೆ ಗುಣವಾದರೂ ಒಳಗೇ ಉಳಿದವರ ವಿಷಯ ಗೌರವ್ ಕುಮಾರ್ ಬನ್ಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಹಾಗಂತ ಸುಮ್ನೆ ಗೇಟಿನ ಹೊರಗೆ ಬಿಡುವುದೂ ಅಲ್ಲ. ಹಾಫ್‌ವೇ ಹೋಮ್ (ಆಸ್ಪತ್ರೆ ಬಿಟ್ಟ ಮೇಲೆ ಸ್ವಲ್ಪ ಕಾಲ ಇರುವ ಮನೆ), ಗ್ರೂಪ್ ಹೋಮ್ (ಕೆಲವರು ಬೆಂಬಲದೊಂದಿಗೆ ಒಟ್ಟಿಗೆ ಬಾಳುವ ಮನೆ) ಇವುಗಳ ವ್ಯವಸ್ಥೆ ಸರ್ಕಾರದ ಹೊಣೆ.

ಅಣ್ಣತಮ್ಮಂದಿರು ಬಾಗಿಲು ಹಾಕಿಕೊಂಡರೆ? ಕುಟುಂಬದ ಮನೆಯಲ್ಲಿ ಬದುಕುವ ಹಕ್ಕನ್ನು ಚಲಾಯಿಸಲು ಸರ್ಕಾರ ಕಾನೂನು ನೆರವೂ ಸೇರಿ ಬೆಂಬಲ ಕೊಡಬೇಕು. ಉಚಿತ ವಕೀಲರ ನೆರವು ಸೆಕ್ಷನ್ 27ರಲ್ಲಿದೆ. ಅದು ಸಿಗುತ್ತದೆ ಎಂದು ರೋಗಿಗೆ ಹೇಳಿ, ಎಲ್ಲಿ ಸಂಪರ್ಕಿಸಬೇಕು ಎಂಬ ವಿವರ ಕೊಡುವುದು ಪೊಲೀಸ್, ಮ್ಯಾಜಿಸ್ಟ್ರೇಟ್ ಮತ್ತು ಆಸ್ಪತ್ರೆಯ ವೈದ್ಯಾಧಿಕಾರಿಯ ಕರ್ತವ್ಯ.