ಪದ ಪರಿಚಯ: ವೃತ್ತಿಬಳಲಿಕೆ

ಕೆಲಸದ ಒತ್ತಡ ಬಹುಕಾಲ ಮುಂದುವರಿದು ಮನಸ್ಸು ಬರಿದಾಗುವ ಸ್ಥಿತಿಯನ್ನು ಸೂಚಿಸುವ ‘ಬರ್ನ್‌ಔಟ್’ ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. ದಣಿವು, ಸುಸ್ತು, ಬೇಸರ ಎಂದು ಬಳಸುವುದುಂಟಾದರೂ ಅವೆಲ್ಲ ಒಂದು ರಾತ್ರಿಯ ನಿದ್ದೆಗೋ ನಾಲ್ಕು ದಿನದ ರಜೆಗೋ ಕಳೆಯುವಂಥವು. ಇದು ಹಾಗಲ್ಲ. ಎಣ್ಣೆ ತೀರಿದ ದೀಪದಲ್ಲಿ ಬತ್ತಿಯೇ ಕರಕಲಾಗುವುದನ್ನು ಕಂಡವರಿಗೆ ಅರ್ಥ ತಾನಾಗಿ ಹೊಳೆಯುತ್ತದೆ. ಇಲ್ಲಿ ಅದನ್ನು ‘ವೃತ್ತಿಬಳಲಿಕೆ’ ಎಂದು ಕರೆಯಲಾಗಿದೆ.

ಮನೋವಿಜ್ಞಾನದ ಚರ್ಚೆಗೆ ಈ ಪದವನ್ನು 1974ರಲ್ಲಿ ತಂದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ಅದನ್ನು ಗುರುತಿಸಿದ್ದು ಉಚಿತ ಚಿಕಿತ್ಸಾಲಯದಲ್ಲಿ ಮನಸ್ಸಿಟ್ಟು ದುಡಿಯುತ್ತಿದ್ದವರಲ್ಲಿ, ತಮ್ಮನ್ನೂ ಸೇರಿಸಿಕೊಂಡು. ಮೈಗಳ್ಳರಿಗೆ ಬರುವ ತೊಂದರೆ ಇದಲ್ಲ ಎಂಬುದು ಅಲ್ಲಿಯೇ ಸ್ಪಷ್ಟವಾಗಿತ್ತು. ಮುಂದೆ ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿ, ಇದಕ್ಕೆ ಮೂರು ಮುಖಗಳಿವೆ ಎಂದರು: ಭಾವನೆಗಳು ಬರಿದಾಗುವುದು, ಎದುರಿಗಿರುವ ಮನುಷ್ಯರ ಬಗ್ಗೆ ಮನಸ್ಸು ಮರಗಟ್ಟುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆನ್ನಿಸುವುದು.

ತರಗತಿಯ ಮಟ್ಟಿಗೆ ಇವುಗಳಲ್ಲಿ ಎರಡನೆಯದೇ ಹೆಚ್ಚು ನೋವಿನದು. ಕೊನೆಯ ಬೆಂಚಿನ ಹುಡುಗಿ ಕೈ ಎತ್ತಿದ್ದಾಳೆ. ಶಿಕ್ಷಕಿಯ ಕಣ್ಣಿಗೆ ಅದು ಬಿದ್ದಿದೆ, ಆದರೂ ಅವರು ಹಲಗೆಯ ಕಡೆ ತಿರುಗುತ್ತಾರೆ. ಇನ್ನೊಂದು ಪ್ರಶ್ನೆಯನ್ನು ಹೊರುವ ಶಕ್ತಿ ಅವರಲ್ಲಿ ಉಳಿದಿಲ್ಲ. ಹೊರಗಿನವರು ಇದನ್ನು ನಿರ್ಲಕ್ಷ್ಯವೆನ್ನುತ್ತಾರೆ, ಮಗುವೂ ಹಾಗೆಯೇ ಅರ್ಥ ಮಾಡಿಕೊಳ್ಳುತ್ತದೆ. ಸಂಜೆ ಶಿಕ್ಷಕಿ ಅದನ್ನೇ ನೆನೆದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಮೂರನೆಯ ಮುಖ ಹುಟ್ಟುವುದು ಬಹುಮಟ್ಟಿಗೆ ಇಂಥ ಸಂಜೆಗಳಲ್ಲಿ.

ಇದು ಶಿಕ್ಷಕರ ಖಾಸಗಿ ಸಂಕಟವಾಗಿ ಉಳಿಯುವುದಿಲ್ಲ. ಕೆನಡಾದಲ್ಲಿ ನಾಲ್ಕರಿಂದ ಏಳನೆಯ ತರಗತಿಯವರೆಗಿನ ಮಕ್ಕಳನ್ನು ಕುರಿತು ಎವಾ ಓಬರ್ಲೆ ಮತ್ತು ಕಿಂಬರ್ಲಿ ಶೋನರ್ಟ್-ರೈಕಲ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಬಳಲಿದ ಶಿಕ್ಷಕರ ತರಗತಿಗಳ ಮಕ್ಕಳ ಜೊಲ್ಲಿನಲ್ಲಿ ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಹಾರ್ಮೋನು ಬೆಳಗಿನ ಹೊತ್ತು ಹೆಚ್ಚಿದ್ದದ್ದು ಕಂಡುಬಂತು. ಶಿಕ್ಷಕರ ಬಳಲಿಕೆ ಮಕ್ಕಳಿಗೆ ಹರಡಿತೋ, ಮಕ್ಕಳ ಒತ್ತಡ ಶಿಕ್ಷಕರನ್ನು ಬಳಲಿಸಿತೋ ಎಂಬುದನ್ನು ಆ ಅಧ್ಯಯನ ತೀರ್ಮಾನಿಸಲಾರದು. ಎರಡೂ ಒಂದನ್ನೊಂದು ಬೆಳೆಸುತ್ತಿರಬಹುದು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರಗೊಂಡ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದನ್ನು ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ದಾಖಲಿಸಿದೆ. ಖಿನ್ನತೆಗೂ ಇದಕ್ಕೂ ವ್ಯತ್ಯಾಸವಿದೆ. ಖಿನ್ನತೆ ಬದುಕಿನ ಎಲ್ಲ ಮೂಲೆಗಳಿಗೂ ಹಬ್ಬುವಂಥದ್ದು, ಅದಕ್ಕೆ ವೈದ್ಯರ ನೆರವು ಬೇಕು. ವೃತ್ತಿಬಳಲಿಕೆಯ ಬೇರು ಕೆಲಸದ ಏರ್ಪಾಡಿನಲ್ಲಿದೆ. ಹಾಗೆಂದು ಎರಡೂ ಒಬ್ಬರಲ್ಲೇ ಇರಬಾರದೆಂದೇನಿಲ್ಲ.

ಆದ್ದರಿಂದಲೇ ಶಾಲೆ ಬಿಟ್ಟ ಮೇಲೆ ಶಿಕ್ಷಕರನ್ನು ಇನ್ನೊಂದು ಗಂಟೆ ಕೂರಿಸಿ ‘ಒತ್ತಡ ನಿರ್ವಹಣೆ’ಯ ಉಪನ್ಯಾಸ ಕೇಳಿಸುವುದು ಒಂದು ಬಗೆಯ ವಿಪರ್ಯಾಸ. ಅದರ ಬದಲು, ಒಂದೇ ಮಾಹಿತಿಯನ್ನು ಮೂರು ನಮೂನೆಗಳಲ್ಲಿ ತುಂಬಿಸುವುದನ್ನು ನಿಲ್ಲಿಸಬಹುದು. ಮನಸ್ಸು ಕಲಕಿಹೋದ ಮಗುವಿನ ಹೊಣೆಯನ್ನು ಆಪ್ತಸಮಾಲೋಚಕರೊಂದಿಗೆ ಹಂಚಿಕೊಳ್ಳಬಹುದು. ‘ಹತ್ತು ನಿಮಿಷ ನನ್ನ ತರಗತಿ ನೋಡಿಕೊಳ್ಳಿ’ ಎಂದು ಸಹೋದ್ಯೋಗಿಯನ್ನು ಸಂಕೋಚವಿಲ್ಲದೆ ಕೇಳಲು ಸಾಧ್ಯವಾಗುವಂತೆ ವೇಳಾಪಟ್ಟಿಯಲ್ಲೇ ಒಂದಿಷ್ಟು ಬಿಡುವು ಇಡಬಹುದು.