ಮಾರಾಟ ನಿಂತುಹೋದ ತೆಳು ಲ್ಯಾಪ್‌ಟಾಪ್ ಈಗ ತಗೊಳ್ಳಬಹುದಾ?

ಪ್ರಶ್ನೆ: ಆಪಲ್‌ನ 12 ಇಂಚಿನ ಮ್ಯಾಕ್‌ಬುಕ್ ಬಂದಾಗಿನಿಂದ ಅದರ ಮೇಲೆ ಕಣ್ಣಿತ್ತು. ಆಗ ಕೈಗೆಟುಕಲಿಲ್ಲ. ಈಗ ಅದರ ಮಾರಾಟವೇ ನಿಂತಿದೆ. ಆದರೆ 2017ರ ಮಾಡೆಲ್ ಒಂದು, ಬಾಕ್ಸ್ ಕೂಡ ಒಡೆಯದ್ದು, ಕಡಿಮೆ ಬೆಲೆಗೆ ಸಿಗುತ್ತಿದೆ. ನನಗೆ ಬೇಕಿರುವುದು ಬರೆಯಲು, ಮೇಲ್ ನೋಡಲು, ಪ್ರಯಾಣದಲ್ಲಿ ಜೊತೆಗಿರಲು. ತಗೊಳ್ಳಲಾ, ಬೇಡವಾ?

ಉತ್ತರ: ನಿಮ್ಮ ಹತ್ತಿರ ಇರುವ ಒಂದೇ ಲ್ಯಾಪ್‌ಟಾಪ್ ಇದೇ ಆಗುವುದಾದರೆ ಬೇಡ. ಕೆಲಸಕ್ಕೆ ಬೇರೊಂದು ಇದೆ, ಇದು ಬ್ಯಾಗಿಗೆ ಮಾತ್ರ ಅನ್ನುವುದಾದರೆ ಯೋಚಿಸಬಹುದು. ಆಗಲೂ ಬಾಕ್ಸ್ ಒಡೆಯದ್ದರ ಹಿಂದೆ ಹೋಗಬೇಡಿ. ಯಾರೋ ಎರಡು ಮೂರು ವರ್ಷ ಬಳಸಿ, ಈಚೆಗೆ ಬ್ಯಾಟರಿ ಬದಲಾಯಿಸಿದ್ದು ಸಿಕ್ಕರೆ ಅದೇ ವಾಸಿ. ಉಲ್ಟಾ ಹೇಳುತ್ತಿದ್ದೇನೆ ಅನಿಸಬಹುದು. ಕಾರಣ ಮುಂದೆ ಬರುತ್ತದೆ.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. 920 ಗ್ರಾಂ ತೂಕ. ದಪ್ಪ ಇರುವ ಕಡೆಯೂ 13.1 ಮಿಲಿಮೀಟರ್. ಒಳಗೆ ಫ್ಯಾನ್ ಇಲ್ಲ, ಹಾಗಾಗಿ ಸದ್ದೇ ಇಲ್ಲ. ಬ್ಯಾಗಿನಲ್ಲಿ ಹಾಕಿಕೊಂಡರೆ ಹಾಕಿದ್ದೀವೋ ಇಲ್ಲವೋ ಎಂದು ಮತ್ತೆ ಜಿಪ್ ತೆಗೆದು ನೋಡಬೇಕು, ಅಷ್ಟು ಹಗುರ. 2008ರಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕ್‌ಬುಕ್ ಏರ್ ಅನ್ನು ಆಫೀಸ್ ಲಕೋಟೆಯೊಳಗಿಂದ ಹೊರತೆಗೆದು ತೋರಿಸಿದ್ದರಲ್ಲ, ಅದರ ತೂಕವೇ 1.36 ಕಿಲೋ. ಏಳು ವರ್ಷದ ನಂತರ ಬಂದ ಇದು ಅದಕ್ಕಿಂತ ಸುಮಾರು ಮೂರನೇ ಒಂದು ಭಾಗ ಹಗುರ. ಇವತ್ತು ಅಂಗಡಿಯಲ್ಲಿರುವ ಲ್ಯಾಪ್‌ಟಾಪ್‌ಗಳಲ್ಲೂ ಒಂದು ಕಿಲೋದೊಳಗಿನವು ಕಡಿಮೆಯೇ.

ತೂಕಕ್ಕೆ ವಯಸ್ಸಾಗುವುದಿಲ್ಲ. ಉಳಿದದ್ದಕ್ಕೆಲ್ಲ ಆಗುತ್ತದೆ. ಅದೂ ಒಂದೊಂದಕ್ಕೆ ಒಂದೊಂದು ಲೆಕ್ಕದಲ್ಲಿ.

"2019ರವರೆಗೆ ಮಾರುತ್ತಿದ್ದರು, ಅಷ್ಟೇನೂ ಹಳೆಯದಲ್ಲ" ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಎಡವುವುದು ಅಲ್ಲೇ. ಸಾಫ್ಟ್‌ವೇರ್ ಮಟ್ಟಿಗೆ ಲೆಕ್ಕಕ್ಕೆ ಬರುವುದು ಆ ಮಾಡೆಲ್ ಹುಟ್ಟಿದ ವರ್ಷ, ಮಾರಾಟ ನಿಂತ ವರ್ಷವಲ್ಲ. ಈ ಮ್ಯಾಕ್‌ಬುಕ್ ಮೂರು ಸಲ ಬಂತು: 2015, 2016, 2017. ಆಮೇಲೆ ಹೊಸದು ಬರಲೇ ಇಲ್ಲ. 2017ರ ಜೂನ್‌ನಲ್ಲಿ ಬಂದದ್ದನ್ನೇ 2019ರ ಜುಲೈವರೆಗೆ ಮಾರಿದರು. ಅಂದರೆ ಕೊನೆಯ ತಿಂಗಳಲ್ಲಿ ಹೊಚ್ಚ ಹೊಸದು ಕೊಂಡವರಿಗೂ ಸಿಕ್ಕಿದ್ದು ಎರಡು ವರ್ಷ ಹಳೆಯ ಯಂತ್ರ. ಮ್ಯಾಕ್ ನಡೆಸುವ ಮೂಲ ಸಾಫ್ಟ್‌ವೇರ್ ಮ್ಯಾಕ್‌ಓಎಸ್. ಅದರಲ್ಲಿ ಇದಕ್ಕೆ ಸಿಕ್ಕ ಕೊನೆಯ ಆವೃತ್ತಿ 2022ರ ವೆಂಚುರಾ. 2023ರ ಸೊನೋಮಾ ಬಂದಾಗ ಇದನ್ನು ಹೊರಗಿಟ್ಟರು. 2016ರದ್ದು ಮಾಂಟೆರೇಗೆ ನಿಂತಿತು, 2015ರದ್ದು ಬಿಗ್ ಸರ್‌ಗೆ.

ನಿಂತರೆ ಏನಾಯಿತು, ಓಡುತ್ತದಲ್ಲ ಅನ್ನಬಹುದು. ಓಡುತ್ತದೆ, ನಿಜ. ಆದರೆ ಆಪಲ್ ಸಾಮಾನ್ಯವಾಗಿ ಇತ್ತೀಚಿನ ಮೂರು ಆವೃತ್ತಿಗಳಿಗೆ ಮಾತ್ರ ಸುರಕ್ಷತಾ ಅಪ್‌ಡೇಟ್ ಕೊಡುತ್ತದೆ. ಸೊನೋಮಾ, ಸಿಕ್ವೋಯಾ, ಟಾಹೋ ಬಂದ ಮೇಲೆ ವೆಂಚುರಾ ಆ ಸಾಲಿನಿಂದ ಆಚೆ ಹೋಯಿತು. ಅದರ ಹಿಂದೆಯೇ ಬ್ರೌಸರ್ ಹೋಗುತ್ತದೆ. ಬಿಗ್ ಸರ್‌ಗೆ ಹೊಸ ಕ್ರೋಮ್ ಬರುವುದು 2025ರಲ್ಲೇ ನಿಂತಿತು. ವೆಂಚುರಾ ಸರದಿಯೂ ಬರುತ್ತದೆ. ಬ್ರೌಸರ್ ಹಳೆಯದಾದ ಲ್ಯಾಪ್‌ಟಾಪಿನಲ್ಲಿ ಕಥೆ ಬರೆಯಬಹುದು, ಬ್ಯಾಂಕ್ ಕೆಲಸ ಮಾಡುವುದು ಬೇಡ. ಹೊಸ ಮ್ಯಾಕ್‌ಓಎಸ್ ಅನ್ನು ಹಳೆಯ ಯಂತ್ರಕ್ಕೆ ಕೂರಿಸುವ ಅನಧಿಕೃತ ದಾರಿಗಳಿವೆ. ಅದು ಕೈ ಕೆಸರು ಮಾಡಿಕೊಳ್ಳುವ ಖುಷಿ ಇರುವವರಿಗೆ. ಪ್ರಯಾಣದ ಮಧ್ಯೆ ಒಂದು ಅಪ್‌ಡೇಟ್ ಕೈಕೊಟ್ಟರೆ ಸರಿಮಾಡಿಕೊಳ್ಳುವ ತಾಳ್ಮೆ ಇದೆಯಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ವಿಂಡೋಸ್ ಕಡೆಯೂ ಇದೇ ಕಥೆ, ಅಲ್ಲಿ ಇನ್ನೂ ಕಟ್ಟುನಿಟ್ಟು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು, ಕೈಬೆರಳೆಣಿಕೆಯ ವಿನಾಯಿತಿ ಬಿಟ್ಟರೆ. ಏಸರ್ ಸ್ವಿಫ್ಟ್ 7 ನೋಡಿ. 2018ರಲ್ಲಿ ಬಂದದ್ದು 8.98 ಮಿಲಿಮೀಟರ್, ಜಗತ್ತಿನಲ್ಲೇ ಅತಿ ತೆಳು ಎಂದು ಹೆಸರು ಮಾಡಿತು. ಆದರೆ ಒಳಗಿದ್ದದ್ದು 7ನೇ ತಲೆಮಾರಿನ ಚಿಪ್. ಮರುವರ್ಷ ಅದೇ ಹೆಸರಿನಲ್ಲಿ 890 ಗ್ರಾಂನದ್ದು ಬಂತು, ಅದರಲ್ಲಿ 8ನೇ ತಲೆಮಾರು. ಮೊದಲಿನದಕ್ಕೆ ವಿಂಡೋಸ್ 11ರ ಅಧಿಕೃತ ಬಾಗಿಲು ಮುಚ್ಚಿದೆ, ಎರಡನೆಯದಕ್ಕೆ ತೆರೆದಿದೆ. ಹೆಸರು ಒಂದೇ, ಹಣೆಬರಹ ಬೇರೆ. ಹಾಗಾಗಿ ಜಾಹೀರಾತಿನಲ್ಲಿ ಬರೀ ಮಾಡೆಲ್ ಹೆಸರು ಇದ್ದರೆ ಸಾಲದು. ಪ್ರೊಸೆಸರ್ ನಂಬರ್ ಪೂರ್ತಿ ಕೇಳಿ.

ರಿಪೇರಿ ಲೆಕ್ಕ ಮಾತ್ರ ಮಾರಾಟ ನಿಂತ ದಿನದಿಂದ ಶುರುವಾಗುತ್ತದೆ. ಆಪಲ್ ನಿಯಮದಲ್ಲಿ ಮಾರಾಟ ನಿಂತು 5 ವರ್ಷ ದಾಟಿದ್ದು "ವಿಂಟೇಜ್", 7 ವರ್ಷ ದಾಟಿದ್ದು "ಅಬ್ಸಲೀಟ್". ಎರಡನೆಯದಾದರೆ ಕಂಪನಿ ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಇದರ 7 ವರ್ಷ 2026ರ ಜುಲೈಗೆ ತುಂಬುತ್ತದೆ. ಒಂದು ಸಮಾಧಾನ ಇದೆ: ಮ್ಯಾಕ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಮಾತ್ರ, ಬಿಡಿಭಾಗ ಸಿಕ್ಕರೆ, 10 ವರ್ಷದವರೆಗೂ ಬದಲಾಯಿಸಿ ಕೊಡಬಹುದು ಎನ್ನುತ್ತದೆ ಅದೇ ನಿಯಮ. "ಸಿಕ್ಕರೆ" ಅನ್ನುವ ಪದ ಮರೆಯಬೇಡಿ.

ಈಗ ಆ ಒಡೆಯದ ಬಾಕ್ಸ್ ವಿಷಯಕ್ಕೆ ಬರೋಣ. ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಬಳಸದಿದ್ದರೂ ಸವೆಯುತ್ತದೆ. ಒಳಗಿನ ರಾಸಾಯನಿಕ ಕ್ರಿಯೆ ಬಾಕ್ಸ್ ಒಡೆಯಲಿ ಎಂದು ಕಾಯುವುದಿಲ್ಲ. ಅರ್ಧ ಚಾರ್ಜ್‌ನಲ್ಲಿ, ತಂಪಾದ ಜಾಗದಲ್ಲಿಟ್ಟರೆ ನಿಧಾನವಾಗಿ ಸವೆಯುತ್ತದೆ. ಬಿಸಿ ಗೋದಾಮಿನಲ್ಲಿದ್ದರೆ ಬೇಗ. ಜೊತೆಗೆ ಚಾರ್ಜ್ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತಿರುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಪೂರ್ತಿ ತಳ ಸೇರುತ್ತದೆ. ಅಷ್ಟು ಕೆಳಗೆ ಇಳಿದ ಸೆಲ್‌ನೊಳಗೆ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಆಮೇಲೆ ಅದಕ್ಕೆ ಚಾರ್ಜ್ ಹತ್ತಿಸುವುದು ಅಪಾಯ, ಹಾಗಾಗಿ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಬಹಳ ಸಲ ಚಾರ್ಜ್ ಆಗಲು ಬಿಡುವುದೇ ಇಲ್ಲ. ನಿಮಗೆ ಸಿಗುವುದು ಮೈಮೇಲೆ ಗೀರು ಇಲ್ಲದ, ಆದರೆ ಪ್ಲಗ್ ಕಿತ್ತ ತಕ್ಷಣ ಆಫ್ ಆಗುವ ಲ್ಯಾಪ್‌ಟಾಪ್ ಆಗಿರಬಹುದು. ಹಗುರ ಎಂದು ಕೊಂಡದ್ದರ ಜೊತೆ ಚಾರ್ಜರ್ ಹೊತ್ತು ತಿರುಗಬೇಕು.

ಬದಲಾಯಿಸಿದರಾಯಿತು ಅನ್ನೋಣ. ಈ ಮಟ್ಟದ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದು ಸ್ಕ್ರೂ ಬಿಚ್ಚಿ ಹಾಕುವ ಕೆಲಸ ಆಗಿರಬೇಕೆಂದಿಲ್ಲ. 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಬ್ಯಾಟರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದಂತೆ ಮಾಡಿ, ಕವಚದ ಮೂಲೆ ಮೂಲೆಗೂ ತುಂಬಿ, ಗೋಂದು ಹಾಕಿ ಅಂಟಿಸಿದ್ದಾರೆ. ರ್‍ಯಾಮ್, ಸ್ಟೋರೇಜ್ ಎರಡೂ ಬೋರ್ಡಿಗೆ ಬೆಸುಗೆ. ಬಿಚ್ಚಿ ನೋಡುವುದರಲ್ಲಿ ಹೆಸರಾದ ಐಫಿಕ್ಸಿಟ್ ಇದಕ್ಕೆ ರಿಪೇರಿ ಅಂಕ ಕೊಟ್ಟದ್ದು 10ಕ್ಕೆ 1. ಹಾಗಾಗಿ 8 ಜಿಬಿಯದ್ದು ಕೊಂಡು ಆಮೇಲೆ ಜಾಸ್ತಿ ಮಾಡಿಸೋಣ ಎನ್ನುವ ಮಾತೇ ಇಲ್ಲ.

ನನ್ನದೇ ಒಂದು ಅನುಭವ ಹೇಳಿಬಿಡುತ್ತೇನೆ. ಕಂಪನಿ ಹೆಸರು ಬೇಡ. ಒಂದು ತೆಳು ಲ್ಯಾಪ್‌ಟಾಪನ್ನು ಇಷ್ಟಪಟ್ಟು ಕೊಂಡಿದ್ದೆ. ಕೆಲವು ತಿಂಗಳು ಕಪಾಟಿನಲ್ಲಿಟ್ಟು ತೆಗೆದಾಗ ಟ್ರ್ಯಾಕ್‌ಪ್ಯಾಡ್ ಕ್ಲಿಕ್ ಆಗಲಿಲ್ಲ. ಧೂಳು ಇರಬೇಕು ಎಂದು ಊದಿದೆ, ಒರೆಸಿದೆ. ಮೇಜಿನ ಮೇಲಿಟ್ಟರೆ ಕಾಲು ಗಿಡ್ಡವಾದ ಕುರ್ಚಿಯ ಹಾಗೆ ಕುಂಟುತ್ತಿತ್ತು. ಆಗಲೂ ಹೊಳೆಯಲಿಲ್ಲ. ಕೊನೆಗೆ ರಿಪೇರಿಯವರು ತೆರೆದಾಗ ಬ್ಯಾಟರಿ ದಿಂಬಿನ ಹಾಗೆ ಉಬ್ಬಿತ್ತು. ತೆಳು ಯಂತ್ರದಲ್ಲಿ ಉಬ್ಬಲು ಜಾಗ ಇರುವುದಿಲ್ಲ. ಅದು ಮೇಲಿರುವುದನ್ನು ದೂಡುತ್ತದೆ, ಕೆಳಗಿರುವುದನ್ನೂ ದೂಡುತ್ತದೆ. ಅಂದಿನಿಂದ ಹಳೆಯ ಲ್ಯಾಪ್‌ಟಾಪ್ ಯಾರೇ ತೋರಿಸಿದರೂ ಮೊದಲು ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆ ಒತ್ತಿ ನೋಡುತ್ತೇನೆ. ಎಲ್ಲರಿಗೂ ನಗು.

ಕೀಬೋರ್ಡ್. ಇದು ನೀವು ಬರೆಯಲಿಕ್ಕೆ ಎಂದು ಕೇಳಿದ್ದರಿಂದ ಹೇಳಲೇಬೇಕು. ತೆಳು ಮಾಡುವ ಹಟದಲ್ಲಿ ಆಪಲ್ ಈ ಮ್ಯಾಕ್‌ಬುಕ್‌ನಲ್ಲೇ ಮೊದಲು "ಬಟರ್‌ಫ್ಲೈ" ಕೀಬೋರ್ಡ್ ತಂದಿತು. ಕೀಲಿ ಒತ್ತಿದರೆ ಇಳಿಯುವುದೇ ಗೊತ್ತಾಗುವುದಿಲ್ಲ. ಒಂದು ಕಣ ಧೂಳು ಒಳಗೆ ಸೇರಿದರೆ ಅಕ್ಷರ ಬೀಳುವುದಿಲ್ಲ, ಇಲ್ಲವೇ ಎರಡೆರಡು ಬೀಳುತ್ತದೆ. ದೂರು ಹೆಚ್ಚಾಗಿ 2018ರಲ್ಲಿ ಕಂಪನಿಯೇ ಉಚಿತ ರಿಪೇರಿ ಯೋಜನೆ ಘೋಷಿಸಿತು, ಈ ಮೂರೂ ವರ್ಷದ ಮಾಡೆಲ್‌ಗಳೂ ಅದರಲ್ಲಿದ್ದವು. ಅದಕ್ಕೆ ಅವಧಿ ಮೊದಲು ಮಾರಾಟವಾದ ದಿನದಿಂದ 4 ವರ್ಷ. ಅಮೆರಿಕದಲ್ಲಿ ಇದೇ ವಿಷಯದ ಮೊಕದ್ದಮೆಯನ್ನು 2022ರಲ್ಲಿ 5 ಕೋಟಿ ಡಾಲರ್ ಕೊಡಲು ಒಪ್ಪಿ ಮುಗಿಸಿಕೊಂಡಿತು. 2017ರದ್ದು ಮೊದಲೆರಡಕ್ಕಿಂತ ಸ್ವಲ್ಪ ಮೇಲು ಎನ್ನುವವರಿದ್ದಾರೆ. ಇರಬಹುದು. ಆದರೂ ನಾಳೆ ಒಂದು ಕೀಲಿ ಕೆಟ್ಟರೆ ಇಡೀ ಮೇಲ್ಭಾಗವನ್ನೇ ಬದಲಾಯಿಸಬೇಕಾಗಿ ಬರಬಹುದು. ಬರೆಯುವವರಿಗೆ ಕೀಬೋರ್ಡ್ ಮೇಲೆ ನಂಬಿಕೆ ಇಲ್ಲದ ಲ್ಯಾಪ್‌ಟಾಪ್ ಎಂದರೆ ಮಸಿ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲದ ಪೆನ್ನು.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದರ ಚಿಪ್ ಸುಮಾರು 4.5 ವ್ಯಾಟ್‌ನದ್ದು. ಆ ಕಾಲದ ಮಾಮೂಲಿ ತೆಳು ಲ್ಯಾಪ್‌ಟಾಪ್‌ಗಳಲ್ಲಿ 15 ವ್ಯಾಟ್ ಇರುತ್ತಿತ್ತು. ಫ್ಯಾನ್ ಇಲ್ಲದ್ದರಿಂದ ಬಿಸಿಯಾದ ಕೂಡಲೇ ವೇಗ ತಾನೇ ಇಳಿಸಿಕೊಳ್ಳುತ್ತದೆ. ಬರೆಯಲು, ಮೇಲ್‌ಗೆ ತೊಂದರೆ ಇಲ್ಲ. ವಿಡಿಯೋ ಕಾಲ್ ಮಾಡುತ್ತಾ ಹತ್ತು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ. ಅಂದ ಹಾಗೆ ಕ್ಯಾಮೆರಾ ಬರೀ 480ಪಿ. ಎದುರಿನವರಿಗೆ ನೀವು ಮಂಜಿನೊಳಗಿಂದ ಮಾತಾಡಿದ ಹಾಗೆ ಕಾಣಿಸುತ್ತೀರಿ.

ಇರುವುದು ಒಂದೇ ಯುಎಸ್‌ಬಿ-ಸಿ ಕಿಂಡಿ, ಚಾರ್ಜ್‌ಗೂ ಅದೇ, ಪೆನ್‌ಡ್ರೈವ್‌ಗೂ ಅದೇ. ಬಂದಾಗ ಎಲ್ಲರೂ ಬೈದಿದ್ದರು. ಈಗ ನೋಡಿದರೆ ಅದೇ ಉಪಕಾರ ಮಾಡಿದೆ: ಯಾವ ಯುಎಸ್‌ಬಿ-ಸಿ ಚಾರ್ಜರ್ ಆದರೂ ನಡೆಯುತ್ತದೆ. ಆ ಕಾಲದ ಬೇರೆ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಿಗೆ ಅವುಗಳದ್ದೇ ಸಣ್ಣ ಗುಂಡು ಪಿನ್ನಿನ ಚಾರ್ಜರ್ ಬೇಕು, ಕಳೆದರೆ ಹುಡುಕಾಟ. ಹಳೆಯದು ಕೊಳ್ಳುವಾಗ ಯುಎಸ್‌ಬಿ-ಸಿ ಚಾರ್ಜಿಂಗ್ ಇದೆಯಾ ಎಂದು ಕೇಳುವುದು ಸಣ್ಣ ವಿಷಯ ಅಲ್ಲ.

ಇಷ್ಟಾದರೂ ಅದೇ ಬೇಕು ಅನಿಸುತ್ತಿದ್ದರೆ ಕೆಲವನ್ನು ನೋಡಿಯೇ ದುಡ್ಡು ಕೊಡಿ. ಮ್ಯಾಕ್‌ನಲ್ಲಿ ಸಿಸ್ಟಮ್ ರಿಪೋರ್ಟ್ ತೆರೆದು ಪವರ್ ಎಂಬಲ್ಲಿ ಹೋದರೆ ಸೈಕಲ್ ಕೌಂಟ್ (ಬ್ಯಾಟರಿಯ ಪೂರ್ತಿ ಚಾರ್ಜ್ ಎಷ್ಟು ಸಲ ಬಳಕೆಯಾಗಿದೆ ಎಂಬ ಲೆಕ್ಕ), ಬ್ಯಾಟರಿ ಸ್ಥಿತಿ ಎರಡೂ ಸಿಗುತ್ತವೆ. ಈ ಮಾಡೆಲ್‌ಗೆ ಕಂಪನಿ ಹಾಕಿರುವ ಮಿತಿ 1000 ಸೈಕಲ್. ಸೈಕಲ್ 3 ಇದ್ದು ಸ್ಥಿತಿ "ಸರ್ವಿಸ್" ಎಂದು ತೋರಿಸುತ್ತಿದ್ದರೆ ಅದು ಮೇಲೆ ಹೇಳಿದ ಬಾಕ್ಸ್ ಕಥೆ. ಪ್ರತಿ ಕೀಲಿಯನ್ನೂ ಹತ್ತು ಸಲ ಒತ್ತಿ, ಸ್ಪೇಸ್ ಬಾರ್ ಮರೆಯಬೇಡಿ. ಪ್ಲಗ್ ಕಿತ್ತು ಅರ್ಧ ಗಂಟೆ ವಿಡಿಯೋ ಓಡಿಸಿ. ಎಲ್ಲ ಅಳಿಸಿ ಮೊದಲಿನಿಂದ ಸೆಟಪ್ ಮಾಡಿ ತೋರಿಸಲು ಹೇಳಿ. ಆಫೀಸುಗಳಿಂದ ಬಂದ ಯಂತ್ರಗಳಲ್ಲಿ ಆ ಆಫೀಸಿನ ನಿಯಂತ್ರಣ ಹಾಗೇ ಉಳಿದಿರಬಹುದು. ಸೆಟಪ್ ಮಾಡುವಾಗ ಯಾವುದೋ ಸಂಸ್ಥೆಯ ಹೆಸರು ಬಂದರೆ ಅಲ್ಲೇ ಕೈಬಿಡಿ. ಹಿಂದಿನವರು ಯಂತ್ರದ ಬುಡಕ್ಕೇ ಹಾಕಿಟ್ಟ ಬೀಗ, ಅಂದರೆ ಫರ್ಮ್‌ವೇರ್ ಪಾಸ್‌ವರ್ಡ್, ವಿಂಡೋಸ್ ಆದರೆ ಬಯಾಸ್ ಪಾಸ್‌ವರ್ಡ್, ಇದೆಯಾ ಎಂದೂ ನೋಡಿ.

ವಿಂಡೋಸ್ ತೆಳು ಲ್ಯಾಪ್‌ಟಾಪ್‌ಗಳಿಗೆ ಒಂದು ಅನುಕೂಲ ಉಂಟು. ಸಾಫ್ಟ್‌ವೇರ್ ಬಾಗಿಲು ಮುಚ್ಚಿದರೂ ಬಹಳಷ್ಟರಲ್ಲಿ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಮೂಲ ಸಾಫ್ಟ್‌ವೇರ್ ಲಿನಕ್ಸ್ ಚೆನ್ನಾಗಿ ಕೂರುತ್ತದೆ, ಬ್ರೌಸರ್ ಹೊಸದಾಗಿಯೇ ಇರುತ್ತದೆ. ಬರೆಯುವ ಯಂತ್ರವಾಗಿ ಇನ್ನೂ ನಾಲ್ಕಾರು ವರ್ಷ ದುಡಿಸಬಹುದು. ಈ ಮ್ಯಾಕ್‌ಬುಕ್‌ನಲ್ಲಿ ಲಿನಕ್ಸ್ ಅಷ್ಟು ಸಲೀಸಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬೇರೊಂದು ಮಾರಾಟ ನಿಂತ ಲ್ಯಾಪ್‌ಟಾಪ್ ನೋಡುತ್ತಿದ್ದೆ: 2020ರ ನವೆಂಬರ್‌ನಲ್ಲಿ ಬಂದ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್. ಆಪಲ್ ತಾನೇ ಮಾರುವುದನ್ನು 2024ರಲ್ಲಿ ನಿಲ್ಲಿಸಿತು. ಅದರಲ್ಲೂ ಫ್ಯಾನ್ ಇಲ್ಲ. ಬಟರ್‌ಫ್ಲೈ ಕೀಬೋರ್ಡ್ ಇಲ್ಲ. ಇಂಟೆಲ್ ಚಿಪ್‌ನ ಮ್ಯಾಕ್‌ಗಳಿಗೆ ಟಾಹೋ ಕೊನೆಯದು ಎಂದು ಆಪಲ್ ಹೇಳಿಬಿಟ್ಟಿದೆ, ಇದು ಆ ಗುಂಪಿನಲ್ಲಿಲ್ಲ. ತೂಕ 1.29 ಕಿಲೋ, ಅಂದರೆ 370 ಗ್ರಾಂ ಜಾಸ್ತಿ. ಅದು ನಿಮಗೆ ಭಾರವಾ ಅಲ್ಲವಾ ಎಂದು ತಿಳಿಯಲು ಒಂದು ಉಪಾಯ: ದಿನಾ ಹೊರುವ ಬ್ಯಾಗಿನಲ್ಲಿ ಅಷ್ಟೇ ತೂಕದ ಪುಸ್ತಕ ಹಾಕಿಕೊಂಡು ಒಂದು ವಾರ ಓಡಾಡಿ. ಭುಜಕ್ಕೆ ಗೊತ್ತಾದರೆ ಆಗ 920 ಗ್ರಾಂನ ಮಾತು.

ಅಷ್ಟರೊಳಗೆ ಆ ಬಾಕ್ಸ್ ಇಟ್ಟುಕೊಂಡಿರುವವರಿಗೆ ಒಂದು ಮಾತು ಕೇಳಿ: ಒಡೆದು, ಚಾರ್ಜ್ ಹಾಕಿ, ಬ್ಯಾಟರಿ ಪುಟದ ಫೋಟೋ ಕಳಿಸುತ್ತೀರಾ? ಒಡೆಯಲು ಒಪ್ಪದಿದ್ದರೆ ಬ್ಯಾಟರಿ ಸತ್ತಿದೆ ಎಂದೇ ಲೆಕ್ಕ ಹಾಕಿ. ಹೊಸ ಬ್ಯಾಟರಿಯ ಖರ್ಚನ್ನು ಅವರು ಹೇಳಿದ ಬೆಲೆಗೆ ಸೇರಿಸಿ, ಬರುವ ಮೊತ್ತವನ್ನು ಬಳಸಿದ ಎಂ1 ಏರ್‌ನ ಬೆಲೆಯ ಪಕ್ಕದಲ್ಲಿಟ್ಟು ನೋಡಿ.