ಓದುಗರ ಪ್ರಶ್ನೆ: ಆರೈಕೆ ಮಾಡುವ ಸಿಸ್ಟರೇ ಸಂಶೋಧನೆಯಲ್ಲೂ ಇದ್ದರೆ ರೋಗಿಗೆ ತೊಂದರೆಯಾಗುವುದಿಲ್ಲವೇ?

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿ ನನ್ನ ತಾಯಿ ಹಾಸನದ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದಾರೆ. ದಿನವೂ ಡ್ರೆಸಿಂಗ್ ಮಾಡುವ ಸಿಸ್ಟರ್ ಒಬ್ಬರು, ಇಲ್ಲಿ ಎರಡು ಬಗೆಯ ಡ್ರೆಸಿಂಗ್ ಹೋಲಿಸುವ ಸ್ಟಡಿ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದರು. ರೋಗಿಯನ್ನು ನೋಡಿಕೊಳ್ಳುವವರೇ ಸಂಶೋಧನೆಯನ್ನೂ ಮಾಡಿದರೆ ಆರೈಕೆಗೆ ಕುಂದು ಬರುವುದಿಲ್ಲವೇ? ಬೇಡ ಎಂದರೆ ಅವರಿಗೆ ಬೇಸರವಾದೀತೇ?

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳುತ್ತಾರೆ. ನರ್ಸ್ ಸಂಶೋಧನೆಯಲ್ಲಿ ಪಾಲ್ಗೊಂಡ ಮಾತ್ರಕ್ಕೆ ಆರೈಕೆ ಕೆಡುವುದಿಲ್ಲ. ಆದರೆ ನಿಮ್ಮ ಎರಡನೆಯ ಪ್ರಶ್ನೆಯಲ್ಲಿ, ಅಂದರೆ ‘ಅವರಿಗೆ ಬೇಸರವಾದೀತೇ’ ಎಂಬ ಅಳುಕಿನಲ್ಲಿ, ಮೊದಲನೆಯದಕ್ಕಿಂತ ದೊಡ್ಡ ವಿಷಯವೊಂದು ಅಡಗಿದೆ. ಅದಕ್ಕೆ ಮತ್ತೆ ಬರುತ್ತೇನೆ.

ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಕಾಲೇಜು ಇರುವ ಊರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ಅಧ್ಯಯನ ನಡೆಸುವುದು ವ್ಯಾಸಂಗದ ಒಂದು ಭಾಗ, ಎಂ.ಎಸ್ಸಿ. ನರ್ಸಿಂಗ್ ಓದುವವರಿಗೂ ಅದು ಕಡ್ಡಾಯ. ಆದ್ದರಿಂದ ವಾರ್ಡಿನಲ್ಲಿ ‘ಸ್ಟಡಿ’ ಎಂಬ ಮಾತು ಕಿವಿಗೆ ಬಿದ್ದರೆ ಗಾಬರಿಪಡಬೇಕಾಗಿಲ್ಲ. ಅದು ಹೊಸ ಔಷಧದ ಪ್ರಯೋಗವೇ ಆಗಿರಬೇಕೆಂದಿಲ್ಲ. ಈಗಾಗಲೇ ಬಳಕೆಯಲ್ಲಿರುವ ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂದು ನೋಡುವ ಸಾಮಾನ್ಯ ಅಧ್ಯಯನವೂ ಆಗಿರಬಹುದು.

ಇಂತಹ ಅಧ್ಯಯನದಲ್ಲಿ ನರ್ಸ್ ಏಕೆ ಬೇಕು? ರೋಗಿಯ ಬಳಿ ಹೆಚ್ಚು ಹೊತ್ತು ಇರುವವರು ಅವರೇ ಎಂಬುದು ಮುಖ್ಯ ಕಾರಣ. ವೈದ್ಯರು ರೌಂಡ್ಸ್ ಮುಗಿಸಿ ಹೋದ ಮೇಲೆ ನಡುರಾತ್ರಿ ಜ್ವರ ಏರಿದ್ದು, ಕೊಟ್ಟ ಮಾತ್ರೆಯನ್ನು ನುಂಗದೆ ದಿಂಬಿನಡಿ ಇಟ್ಟದ್ದು, ಮನೆಯಿಂದ ತಂದ ಕಷಾಯವನ್ನು ಕುಡಿದದ್ದು ಮೊದಲು ತಿಳಿಯುವುದು ಸಿಸ್ಟರಿಗೆ. 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಚಿಕಿತ್ಸೆಯ ಸಂಶೋಧನಾ ಕೇಂದ್ರ ಆರಂಭವಾದಾಗ, ರೋಗಿಯನ್ನು ಸ್ಯಾನಟೋರಿಯಮ್ಮಿನಲ್ಲಿಯೇ, ಅಂದರೆ ಕ್ಷಯರೋಗಿಗಳ ಪ್ರತ್ಯೇಕ ಆಸ್ಪತ್ರೆಯಲ್ಲಿಯೇ, ಇರಿಸಬೇಕೋ, ಮನೆಯಲ್ಲಿದ್ದುಕೊಂಡೇ ಔಷಧ ತೆಗೆದುಕೊಂಡರೆ ಸಾಕೋ ಎಂಬುದು ಅದರ ಮುಂದಿದ್ದ ಪ್ರಶ್ನೆಯಾಗಿತ್ತು. ಮನೆಯ ಚಿಕಿತ್ಸೆಯೂ ಸರಿಸಮನಾಗಿ ಫಲ ಕೊಡುತ್ತದೆಂದು 1959ರಲ್ಲಿ ಪ್ರಕಟವಾದ ವರದಿ ತೋರಿಸಿತು, ಮತ್ತು ಕ್ಷಯಕ್ಕೆ ಮದ್ದು ಕೊಡುವ ರೀತಿ ಜಗತ್ತಿನಾದ್ಯಂತ ಬದಲಾಯಿತು. ಮುನ್ಸೂಚನೆ ಕೊಡದೆ ಮನೆಗಳಿಗೆ ಹೋಗಿ, ಉಳಿದ ಮಾತ್ರೆಗಳನ್ನು ಎಣಿಸಿ ಬರೆದುಕೊಂಡು ಬಂದ ಆರೋಗ್ಯ ಸಿಬ್ಬಂದಿಯ ದುಡಿಮೆ ಇರದಿದ್ದರೆ ಆ ವರದಿಯನ್ನು ಯಾರೂ ನಂಬುವಂತಿರಲಿಲ್ಲ. ನಮ್ಮ ಕಾಲದ ಉದಾಹರಣೆಯೂ ಇದೆ. ಹುಟ್ಟುವಾಗಲೇ ತೂಕ ಕಡಿಮೆಯಿದ್ದ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಪರೀಕ್ಷಿಸಿದಾಗ, ಮೊದಲ 28 ದಿನಗಳೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿದಿದ್ದುದು 2021ರಲ್ಲಿ ಪ್ರಕಟವಾಯಿತು. ಮಗುವನ್ನು ಕಟ್ಟಿಕೊಟ್ಟು, ಉಸಿರಾಟವನ್ನೂ ಮೈಶಾಖವನ್ನೂ ಗಮನಿಸುತ್ತ ಹಗಲಿರುಳು ನಿಲ್ಲುವವರಿಲ್ಲದೆ ಇಂತಹ ಪರೀಕ್ಷೆ ನಡೆಯಲಾರದು.

ನಿಮ್ಮ ತಾಯಿಯವರ ವಿಷಯದಲ್ಲಿ ಕೆಲಸ ಹೀಗೆ ನಡೆಯಬಹುದು: ಯಾವ ರೋಗಿಗೆ ಯಾವ ಡ್ರೆಸಿಂಗ್ ಎಂಬುದನ್ನು ಮೊದಲೇ ಚೀಟಿ ಎತ್ತಿದಂತೆ ನಿರ್ಧರಿಸಿ, ಮುಚ್ಚಿದ ಲಕೋಟೆಯಲ್ಲಿ ಇಟ್ಟಿರುತ್ತಾರೆ. ವಾರಕ್ಕೊಮ್ಮೆ ಗಾಯದ ಮೇಲೆ ತೆಳುವಾದ ಪಾರದರ್ಶಕ ಹಾಳೆಯನ್ನು ಹಿಡಿದು, ಅದರ ಅಂಚನ್ನು ಪೆನ್ನಿನಿಂದ ಗುರುತಿಸಿ, ಗಾಯ ಎಷ್ಟು ಚದರ ಸೆಂಟಿಮೀಟರಿನಷ್ಟು ಕುಗ್ಗಿದೆ ಎಂದು ಲೆಕ್ಕ ಹಾಕುತ್ತಾರೆ. ಸಾಧ್ಯವಿದ್ದಲ್ಲಿ ಅಳತೆ ಮಾಡುವವರು ಬೇರೆಯವರಾಗಿರುತ್ತಾರೆ. ಇದಕ್ಕೆ ಕಾರಣ ನರ್ಸಿನ ಮೇಲಿನ ಅಪನಂಬಿಕೆಯಲ್ಲ. ದಿನವೂ ನೋಡುವ ರೋಗಿಯ ಮೇಲೆ ಮಮತೆ ಬೆಳೆಯುತ್ತದೆ. ಮಮತೆಯಿರುವ ಕಣ್ಣಿಗೆ ಗಾಯ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಈಗ ನಿಮ್ಮ ಅಳುಕಿನ ವಿಷಯ. ನಾನು ವಾರ್ಡಿನಲ್ಲಿ ದುಡಿಯುತ್ತಿದ್ದಾಗ ಇಂತಹದೇ ಅಧ್ಯಯನವೊಂದಕ್ಕಾಗಿ ಬೇಲೂರಿನ ಕಡೆಯ ಒಬ್ಬ ಅಜ್ಜಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳಿದೆ. ಅವರು ಪ್ರತಿ ಸಾಲಿಗೂ ‘ಹೂಂ’ ಎಂದರು. ಕೊನೆಗೆ, “ನೀನು ಹೇಳ್ದಂಗೇ ಆಗ್ಲಿ ಕಣವ್ವ, ನೀನೇನು ನಂಗೆ ಕೆಟ್ಟದ್ದು ಮಾಡೀಯಾ?” ಎಂದು ಹೆಬ್ಬೆಟ್ಟು ಮುಂದೆ ಚಾಚಿದರು. ನಾನು ಇಂಕ್ ಪ್ಯಾಡನ್ನು ಪಕ್ಕಕ್ಕಿಟ್ಟು, ನಾವೇನು ಮಾಡುತ್ತೇವೆಂದು ನೀವೇ ಒಮ್ಮೆ ಹೇಳಿ ಅಜ್ಜಿ ಎಂದೆ. “ಹೊಸಾ ಔಷ್ದಿ ಹಾಕ್ತೀರಿ, ಕಾಲು ಬೇಗ ಮಾಯ್ತದೆ” ಎಂದರು. ನಾನು ಓದಿದ್ದರಲ್ಲಿ ಆ ಮಾತೇ ಇರಲಿಲ್ಲ. ಅವರು ಒಪ್ಪಿದ್ದು ಅಧ್ಯಯನಕ್ಕಲ್ಲ, ನನಗೆ. ಯಾವ ಡ್ರೆಸಿಂಗ್ ಒಳ್ಳೆಯದೆಂದು ನಮಗೂ ಗೊತ್ತಿಲ್ಲ, ಅದನ್ನು ತಿಳಿಯಲೆಂದೇ ಇದನ್ನು ಮಾಡುತ್ತಿದ್ದೇವೆ, ನಿಮಗೆ ಹಳೆಯದೂ ಬರಬಹುದು ಎಂದು ಮತ್ತೆ ಬಿಡಿಸಿ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, ಮಗನನ್ನು ಕೇಳಿ ಹೇಳುತ್ತೇನೆ ಎಂದರು. ಎರಡು ದಿನದ ಮೇಲೆ ಬೇಡವೆಂದರು. ಅವರ ಡ್ರೆಸಿಂಗ್ ಎಂದಿನಂತೆಯೇ ನಡೆಯಿತು, ನಾನೇ ಮಾಡಿದೆ.

ನಮ್ಮ ಕಡೆಯ ಜನರಿಗೆ ದಾಕ್ಷಿಣ್ಯ ಹೆಚ್ಚು. ಮೈ ಒರೆಸಿ, ಊಟ ಮಾಡಿಸಿದ ಕೈ ಒಂದು ಕಾಗದವನ್ನು ನೀಡಿದಾಗ ಬೇಡವೆನ್ನಲು ನಾಲಗೆ ಏಳುವುದಿಲ್ಲ. ಇದು ಕೇವಲ ನಮ್ಮೂರಿನ ಸಂಕೋಚವೂ ಅಲ್ಲ. 1964ರಲ್ಲಿ ಜಾಗತಿಕ ವೈದ್ಯಕೀಯ ಸಂಘ ಅಂಗೀಕರಿಸಿ, ಅನಂತರ ಹಲವು ಬಾರಿ ಪರಿಷ್ಕರಿಸಿದ, ಮನುಷ್ಯರನ್ನು ಒಳಗೊಂಡ ವೈದ್ಯಕೀಯ ಸಂಶೋಧನೆಯ ನೀತಿಯನ್ನು ಹೇಳುವ ಹೆಲ್ಸಿಂಕಿ ಘೋಷಣೆಯು, ರೋಗಿ ವೈದ್ಯರ ಮೇಲೆ ಅವಲಂಬಿತನಾಗಿರುವಾಗ ಆ ಸಂಬಂಧದ ಹೊರಗಿರುವ ಅರ್ಹ ವ್ಯಕ್ತಿಯೇ ಒಪ್ಪಿಗೆ ಕೇಳಬೇಕೆಂದು ಹೇಳುತ್ತದೆ. ಅಲ್ಲಿ ಹೇಳಿರುವುದು ವೈದ್ಯರ ವಿಷಯವಾದರೂ ನರ್ಸುಗಳಿಗೆ ಅದು ಇನ್ನೂ ಬಲವಾಗಿ ಅನ್ವಯಿಸುತ್ತದೆ ಎಂಬುದು ನನ್ನ ನಿಲುವು. ಆದ್ದರಿಂದ ಸಿಸ್ಟರ್ ವಿಷಯವನ್ನು ತಿಳಿಸಿದ್ದು ತಪ್ಪಲ್ಲ; ಒಪ್ಪಿಗೆಯನ್ನು ಮಾತ್ರ ಬೇರೊಬ್ಬರು ಪಡೆಯಲಿ ಎಂದು ನೀವು ಕೇಳಬಹುದು.

ಹೊಸ ಔಷಧದ ಪ್ರಯೋಗವಾದರೆ 2019ರ ಕೇಂದ್ರ ನಿಯಮಗಳು ಇನ್ನೂ ಬಿಗಿಯಾಗಿವೆ. ಓದುಬರಹ ಬಾರದವರು ಒಪ್ಪಿಗೆ ಕೊಡುವಾಗ ಯಾವ ಪಕ್ಷಕ್ಕೂ ಸೇರದ ಸಾಕ್ಷಿಯೊಬ್ಬರು ಉದ್ದಕ್ಕೂ ಹಾಜರಿರಬೇಕು, ತುಂಬಿದ ಒಪ್ಪಿಗೆ ಪತ್ರದ ಪ್ರತಿಯನ್ನು ರೋಗಿಗೆ ಕೊಡಬೇಕು, ಗಂಭೀರ ತೊಂದರೆ ಕಂಡುಬಂದರೆ ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಆ ಗಡುವಿನ ಮೊದಲ ಗಂಟೆಗಳು ಉಳಿಯುವುದು ನೈಟ್ ಡ್ಯೂಟಿಯ ಸಿಸ್ಟರ್ ಕೇಸ್ ಶೀಟಿನಲ್ಲಿ ಸಮಯ ಹಾಕಿ ಬರೆದಾಗಲೇ.

ಆರೈಕೆಗೆ ಕುಂದು ಬರುವ ಒಂದು ಸಂದರ್ಭ ನಿಜಕ್ಕೂ ಇದೆ, ಅದನ್ನು ಮುಚ್ಚಿಡಲಾರೆ. ಸಂಶೋಧನೆಗೆಂದು ಪ್ರತ್ಯೇಕ ಸಮಯ ಕೊಡದೆ, ವಾರ್ಡಿನ ಪೂರ್ತಿ ಕೆಲಸದ ಮೇಲೆ ಫಾರಂ ತುಂಬುವುದನ್ನೂ ಹೇರಿದರೆ ಏನಾದರೊಂದು ಹಿಂದೆ ಬೀಳುತ್ತದೆ. ಒಳ್ಳೆಯ ನರ್ಸ್ ಆಗ ಫಾರಂ ಬದಿಗಿಟ್ಟು ರೋಗಿಯ ಕಡೆ ಓಡುತ್ತಾಳೆ, ಡ್ಯೂಟಿ ಮುಗಿದ ಮೇಲೆ ನೆನಪಿನಿಂದ ತುಂಬುತ್ತಾಳೆ, ಹೀಗೆ ಅಂಕಿಗಳೂ ಕೆಡುತ್ತವೆ. ನಾನೂ ಹಾಗೆ ತುಂಬಿದ್ದೇನೆ, ಇಂದಿಗೂ ಅದು ಮನಸ್ಸನ್ನು ಚುಚ್ಚುತ್ತದೆ. ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಗಳು ಈ ಕೆಲಸವನ್ನು ಯಾವ ಪಾಳಿಯಲ್ಲಿ, ಯಾರು ಮಾಡುತ್ತಾರೆ ಎಂದು ಮೊದಲೇ ಕೇಳಬೇಕು.

ನೀವು ಈಗ ಕೇಳಬೇಕಾದದ್ದು ಇಷ್ಟು: ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಡ್ರೆಸಿಂಗ್ ಸಾಮಗ್ರಿಯ ಖರ್ಚು ಯಾರದು, ನಡುವೆ ಬಿಡಬೇಕೆನಿಸಿದರೆ ಮುಂದಿನ ಚಿಕಿತ್ಸೆ ಹೇಗೆ. ಉತ್ತರಗಳನ್ನು ಕೇಳಿಸಿಕೊಂಡು ಒಪ್ಪಿಗೆ ಪತ್ರವನ್ನು ಮನೆಗೆ ಒಯ್ಯಿರಿ, ರಾತ್ರಿ ನಿಧಾನವಾಗಿ ಓದಿರಿ. ಮರುದಿನ ತಾಯಿಯವರ ಪಕ್ಕದಲ್ಲಿ ಕುಳಿತು, ಸಿಸ್ಟರ್ ಎದುರಿಗಿಲ್ಲದ ಹೊತ್ತಿನಲ್ಲಿ, ಅವರಿಗೆ ಏನು ಬೇಕೆಂದು ಕೇಳಿರಿ.